ಅಪ್ಪನ ವಾಲ್ವು ಒರಸಿದ್ದು

ದೀಪಾವಳಿಗೆ ಧೂಳ ಝಾಡಸೂ ಮುಂದ ಅಪ್ಪನ ಹಳೇ ಆಂಪ್ಲಿಫಾಯರಿನ ಗಾಜಿನ ವಾಲ್ವು ಒರಸಿದೆ. ಧೂಳಿನ ಜೋಡಿ ಹೆಸರೂ ಹೋತು ನೋಡ್ರಿ ಅಕ್ಕಾರ! ಒಂದರ ಮ್ಯಾಲಷ್ಟ ‘ಬಿಇಎಲ್ ಇಎಲ್84’ ಅಂತ ಉಳದಿತ್ತು.

ಬಿಇಎಲ್ ಅಂದ್ರ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. 1954ರಾಗ ಹುಟ್ಟಿ, 1961ರಿಂದ ರೇಡಿಯೋ ವಾಲ್ವು ಮಾಡಿದ ಕಾರ್ಖಾನೆ. ಟ್ರಾನ್ಸಿಸ್ಟರ್ ಬಂದ ಮ್ಯಾಲೆ ವಾಲ್ವು ಮೂಲೆ ಸೇರಿದವು.

ಹೆಸರಿನಾಗ ಗುಣ ಅದ. ‘ಇ’ ಅಂದ್ರ ಒಳಗಿನ ತಂತಿ ಕಾಯಾಕ 6.3 ವೋಲ್ಟ್, ‘ಎಲ್’ ಅಂದ್ರ ಸ್ಪೀಕರಿಗೆ ಬಲ ಕೊಡೋ ಜಾತಿ, ‘8’ ಅಂದ್ರ 9 ಕಡ್ಡಿಯ ಬುಡ. ಹೆಸರು ಹೋದದ್ದರೊಳಗ ಸಣ್ಣ ತಗಡು ಎರಡು ಜೋಡಿಯಾಗಿ ನಿಂತಿದ್ವು. ಇಸಿಸಿ ಜಾತಿ ಅಂತ ತಿಳೀತು. ಆದ್ರ 82ಓ, 83ಓ? ಬುಡ ಒಂದ, ಕೆಲಸ ಬ್ಯಾರೆ.

ಕಡೀಕ ಸಾಕೆಟ್ಟಿನ ಬಾಜೂಕ ಅಪ್ಪನ ಪೆನ್ಸಿಲ್ ಅಕ್ಷರ ಸಿಕ್ಕುವು: ಇಸಿಸಿ83. ಗಾಜಿನ ನೆತ್ತಿ ಇನ್ನೂ ಬೆಳ್ಳಿಯಂಗ ಹೊಳೀತಿತ್ತು. ಹಾಲಿನಂಗ ಬಿಳಿಯಾಗಿದ್ರ ಗಾಳಿ ಹೊಕ್ಕು ಸತ್ತಂಗ.

ನೀವು ಒರಸೂಕಿಂತ ಮೊದಲ ಬರಕೊಳ್ರಿ.