ಬಿಟ್ಟಿ ಚಾಕರಿಯೂ ಹೆಗಲು ಕೊಡುವವನೂ

ನಾರಾಯಣಪೇಟೆ, ಮಕ್ತಲ್‌ಗಳೂ ಗದ್ವಾಲ ಸಂಸ್ಥಾನವೂ ನಿಜಾಮರ ಅಧೀನದಲ್ಲಿದ್ದ ಕಾಲದಲ್ಲಿ, ಸತ್ತ ದನವನ್ನು ಊರಾಚೆಗೆ ಎಳೆದೊಯ್ಯುವುದು, ಸಾವಿನ ಸುದ್ದಿಯನ್ನು ನಡುರಾತ್ರಿಯಲ್ಲಿ ಪರವೂರಿಗೆ ಮುಟ್ಟಿಸುವುದು, ಅಧಿಕಾರಿಗಳ ಗಂಟುಮೂಟೆ ಹೊರುವುದು ಮೊದಲಾದ, ಉಳಿದವರು ಒಲ್ಲೆವೆಂದ ಕಾರ್ಯಗಳೆಲ್ಲವೂ ವಂಶಪಾರಂಪರ್ಯವಾಗಿ ಕೆಲವರ ಪಾಲಿಗೇ ಬಂದೊದಗುತ್ತಿದ್ದುವು. ತೆಲುಗರು ವೆಟ್ಟಿ ಚಾಕಿರಿಯೆಂದುದನ್ನು ನಮ್ಮವರು ಬಿಟ್ಟಿ ಚಾಕರಿಯೆಂದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿಯು ಬೇಗಾರವೆಂಬ ಈ ಬಿಟ್ಟಿ ದುಡಿಮೆಯನ್ನು ಹೆಸರಿಸಿಯೇ ನಿಷೇಧಿಸಿತು.

ತಳವಾರ, ವಾಲೀಕಾರ ಎಂಬ ನಾಮಧೇಯಗಳೆಲ್ಲ ಇಂಥ ಚಾಕರಿಯ ಕಟ್ಟುಪಾಡಿಗೆ ಒಳಪಟ್ಟವರವು. ಆದರೆ ವಾಂತಿಭೇದಿಯಿಂದ ಸತ್ತವನ ಹೆಣವನ್ನು ಬಂಧುಗಳೇ ಮುಟ್ಟಲಂಜಿದಾಗ, ಯಾರೂ ಕರೆಯದೆ ಪಂಚೆ ಎತ್ತಿಕಟ್ಟಿ ಒಬ್ಬನೇ ಮುಂದೆ ಬರುವವನನ್ನು ಏನೆನ್ನೋಣ? ‘ಸ್ವಯಂಸೇವಕ’ ಎಂಬುದು ಸಭೆಯ ಮಾತು. ಚಟ್ಟಕ್ಕೂ ಕಷ್ಟಕ್ಕೂ ಸಮನಾಗಿ ಸಲ್ಲುವ ‘ಹೆಗಲು ಕೊಡುವವನು’ ಎಂಬುದೇ ನನಗೆ ಒಪ್ಪಿಗೆ. ಸುಗ್ಗಿಯ ಕಣದಲ್ಲಿ ಊರ ಚಾಕರಿಯ ಆಯಗಾರರಿಗೆ ಧಾನ್ಯವನ್ನಳೆವಾಗ ಅವನಿಗೆ ಪಾಲಿರುತ್ತಿರಲಿಲ್ಲ.