ಕಾರುಕನ ಉಪಕರಣಕ್ಕೆ ಬೆಲೆಕಟ್ಟುವ ಕ್ರಮ

ಸ್ಥಾವರಸ್ವತ್ತಿಗೆ ಬೆಲೆಕಟ್ಟುವುದು ಅಷ್ಟು ಕ್ಲೇಶಕರವಾದ ಕೆಲಸವಲ್ಲ. ನೆಲವು ಇದ್ದಲ್ಲಿಯೇ ಇರುತ್ತದೆ. ಅದರ ಗುಣದೋಷಗಳನ್ನು ನೆರೆಹೊರೆಯವರು ಬಲ್ಲರು. ಜಂಗಮಸ್ವತ್ತಿನ ವಿಷಯ ಹಾಗಲ್ಲ. ಅದು ಕೈಯಿಂದ ಕೈಗೆ ಸಾಗುತ್ತದೆ, ಸವೆಯುತ್ತದೆ, ಒಂದೂರಿನಲ್ಲಿ ಬೇಕಾದದ್ದು ಮತ್ತೊಂದೂರಿನಲ್ಲಿ ಬೇಡವಾಗುತ್ತದೆ. ಅದರಲ್ಲಿಯೂ ಕುಶಲಕರ್ಮಿಯ ಉಪಕರಣವು ಬರಿಯ ವಸ್ತುವಲ್ಲ, ಅವನ ಜೀವಿಕೆ. ಇಂಥದಕ್ಕೆ ಬೆಲೆಯನ್ನು ನಿಶ್ಚಯಿಸುವವರು ಯಾರು, ಯಾವ ಆಧಾರದಿಂದ ನಿಶ್ಚಯಿಸಬೇಕು ಎಂಬ ಪ್ರಶ್ನೆಯನ್ನು ಪಾಶ್ಚಾತ್ಯರ ಲೆಕ್ಕಶಾಸ್ತ್ರದೊಡನೆ ಬಂದ ಹೊಸ ಪ್ರಶ್ನೆಯೆಂದು ಹಲವರು ತಿಳಿದಿರುತ್ತಾರೆ. ಇದು ಸರಿಯಲ್ಲ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ನೆಯ್ಯಲು ಕೊಟ್ಟ ನೂಲು ಮೊದಲಾದ ದ್ರವ್ಯವು ಶಿಲ್ಪಿಯ ಕೈಯಲ್ಲಿ ನಷ್ಟವಾದರೆ ಎಷ್ಟು ತೆರಿಸಬೇಕೆಂಬುದಕ್ಕೆ ವಿಧಿಯುಂಟು. ದೇಶವನ್ನು, ಕಾಲವನ್ನು, ಭೋಗವನ್ನು, ವಸ್ತುವಿನ ಬಲಾಬಲವನ್ನು ಅರಿತು ಆಯಾ ದ್ರವ್ಯದಲ್ಲಿ ಕುಶಲರಾದವರು ಎಷ್ಟೆಂದು ಹೇಳುವರೋ ಅಷ್ಟನ್ನು ಸಂಶಯವಿಲ್ಲದೆ ಕೊಡಿಸಬೇಕೆಂಬುದು ಅದರ ತಾತ್ಪರ್ಯ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಬಲಾಬಲವೆಂದರೆ ಸಾರತ್ವ ಮತ್ತು ಅಸಾರತ್ವ ಎಂದು ವಿವರಿಸಿರುತ್ತಾನೆ. ಇಲ್ಲಿ ಗಮನಿಸತಕ್ಕುದು, ಬೆಲೆಯನ್ನು ಹೇಳುವವನು ರಾಜನೂ ಅಲ್ಲ, ಸಾಲ ಕೊಟ್ಟವನೂ ಅಲ್ಲ. ಆ ದ್ರವ್ಯವನ್ನು ಬಲ್ಲ ಕುಶಲನು.

ಸವಕಳಿಯ ಲೆಕ್ಕವನ್ನೂ ಪ್ರಾಚೀನರು ಬಿಟ್ಟಿಲ್ಲ. ಅಗಸನು ಕೆಡಿಸಿದ ಬಟ್ಟೆಗೆ ನಾರದನು ಒಂದು ಕ್ರಮವನ್ನು ಹೇಳಿದ್ದಾನೆ. ಒಮ್ಮೆ ಒಗೆದ ಬಟ್ಟೆಗೆ ಮೂಲಬೆಲೆಯಲ್ಲಿ ಎಂಟನೆಯ ಒಂದು ಪಾಲು ಕಡಮೆ. ಎರಡು ಸಲಕ್ಕೆ ಕಾಲುಪಾಲು, ಮೂರಕ್ಕೆ ಮೂರನೆಯ ಒಂದು ಪಾಲು, ನಾಲ್ಕಕ್ಕೆ ಅರ್ಧ. ಎಂಟು ಪಣದ ಬಟ್ಟೆಯಾದರೆ ಕ್ರಮವಾಗಿ 7, 6, 5⅓, 4 ಪಣಗಳು ಉಳಿಯುತ್ತವೆ. ಈಗಿನ ಆದಾಯ ತೆರಿಗೆಯ ನಿಯಮದಲ್ಲಿ ಸಾಮಾನ್ಯ ಯಂತ್ರಗಳಿಗೆ ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 15 ಸವಕಳಿಯನ್ನು ಕಳೆಯುತ್ತಾರೆ. 100 ರೂಪಾಯಿಯ ಯಂತ್ರವು ನಾಲ್ಕನೆಯ ವರ್ಷದ ಕೊನೆಗೆ ಸುಮಾರು 52 ರೂಪಾಯಿಗೆ ಇಳಿಯುತ್ತದೆ. ನಾಲ್ಕು ಒಗೆತಕ್ಕೂ ನಾಲ್ಕು ವರ್ಷಕ್ಕೂ ಇರುವ ಈ ಹೋಲಿಕೆಯು ಕಾಕತಾಳೀಯವೇ ಸರಿ. ಆದರೆ ನಾರದನಲ್ಲಿ ಇನ್ನೊಂದು ಮಾತುಂಟು: ಅಂಚು ಸವೆದು ಜೀರ್ಣವಾದ ಬಟ್ಟೆಗೆ ಈ ಗಣಿತವು ಸಲ್ಲದು, ಅಲ್ಲಿ ನಿಯಮವೇ ಇಲ್ಲ. ಗಣಿತವು ನಿಂತಲ್ಲಿ ಕುಶಲನ ಕಣ್ಣು ಬೇಕಾಗುವುದು. ಈ ಸೂಕ್ಷ್ಮವು ತೆರಿಗೆಯ ಕೋಷ್ಟಕದಲ್ಲಿ ಕಾಣಬರುವುದಿಲ್ಲ.

ಈ ತತ್ತ್ವಗಳನ್ನು ಒರೆಗೆ ಹಚ್ಚಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯು ಯೋಗ್ಯವಾದದ್ದು. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಗುವ ತನಕ ಇವೆಲ್ಲವೂ ಕೋಲಾರ ಜಿಲ್ಲೆಗೆ ಸೇರಿದ್ದವು. ಇಲ್ಲಿನ ಶಾಸನಗಳು ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟದಲ್ಲಿವೆ. ಮರಾಠಾ ನಾಯಕ ಚಿಂತಾಮಣಿರಾಯನ ಹೆಸರನ್ನು ಹೊತ್ತ ಚಿಂತಾಮಣಿಯು ಕೋಮಟಿಗರ ಚಿನ್ನ, ಬೆಳ್ಳಿ, ರತ್ನಗಳ ವ್ಯಾಪಾರಕ್ಕೆ ಹೆಸರಾಗಿತ್ತು. ಕೊಂಡ ವಸ್ತುವನ್ನು ಪರೀಕ್ಷಿಸಲು ಯಾಜ್ಞವಲ್ಕ್ಯನು ರತ್ನಕ್ಕೆ ಏಳು ದಿನ, ಕಬ್ಬಿಣಕ್ಕೆ ಒಂದೇ ದಿನ ಎಂದು ಅವಧಿಯನ್ನು ಗೊತ್ತುಮಾಡಿರುತ್ತಾನೆ. ಕಾಸಿದಾಗ ಚಿನ್ನವು ಕ್ಷಯಿಸದು, ಬೆಳ್ಳಿ ನೂರಕ್ಕೆ ಎರಡು ಪಲ, ತಾಮ್ರ ಐದು, ಕಬ್ಬಿಣ ಹತ್ತು ಪಲ ಕ್ಷಯಿಸುತ್ತದೆಂದೂ ಅವನೇ ಹೇಳುತ್ತಾನೆ. ಉಪಕರಣವನ್ನು ಗುಜರಿಯ ತೂಕಕ್ಕೆ ಇಳಿಸಿದಾಗ ಸಿಕ್ಕುವ ಬೆಲೆಯ ಲೆಕ್ಕ ಇದೇ.

ಪ್ರಭುತ್ವಗಳಾದರೋ ಈ ತೊಡಕಿಗೆ ಕೈಹಾಕಲಿಲ್ಲ. ವಿಜಯನಗರದ ಕಾಲದ ಮಗ್ಗದೆರೆ, ಗಾಣದೆರೆಗಳಾಗಲಿ ಅನಂತರದ ಮೊಹತರ್ಫಾ ಆಗಲಿ ಉಪಕರಣವನ್ನು ಎಣಿಸಿ ಹಾಕಿದ ತೆರಿಗೆಗಳು. ಎಣಿಕೆಯು ಬೆಲೆಯಲ್ಲ, ತೆರಿಗೆಗೆ ಸಾಕಾಗುವ ಸ್ಥೂಲಕ್ರಮವು ವಿಭಾಗಕ್ಕಾಗಲಿ ಸಾಲಕ್ಕಾಗಲಿ ಸಾಲದು.

ಶಿಡ್ಲಘಟ್ಟಕ್ಕೆ ಬಂದರೆ ವಿಷಯವು ಪ್ರತ್ಯಕ್ಷವಾಗುತ್ತದೆ. ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ಅಲ್ಲಿದೆ. ನೂಲು ಬಿಚ್ಚುವವನು ಗೂಡನ್ನು ಕೈಯಲ್ಲಿ ಹಿಡಿದು ಕುಲುಕಿ, ಒತ್ತಿ, ಕಲೆಗಳನ್ನೂ ಜೋಡಿಗೂಡುಗಳನ್ನೂ ನೋಡಿ, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾದೀತೆಂದು ಮನಸ್ಸಿನಲ್ಲಿಯೇ ಲೆಕ್ಕಹಾಕುತ್ತಾನೆ. ಈ ಪ್ರಮಾಣಕ್ಕೆ ರೆಂಡಿಟ್ಟ ಎಂದು ಹೆಸರು. ಏಳು ಕಿಲೋ ಬೇಕಾದ ಗೂಡಿಗೂ ಒಂಬತ್ತು ಬೇಕಾದ ಗೂಡಿಗೂ ಬೆಲೆ ಒಂದೇ ಆಗಲಾರದು. ಸಾರ ಮತ್ತು ಅಸಾರ ಎಂದು ವಿಜ್ಞಾನೇಶ್ವರನು ಹೇಳಿದುದು ಇದಲ್ಲವೆ?

ಅದೇ ಮನುಷ್ಯನ ಚರಕಕ್ಕೆ ಬೆಲೆ ಕಟ್ಟುವಾಗ ಮಾತ್ರ ಈ ವಿವೇಕವು ಹಲವು ವೇಳೆ ಮರೆಯಾಗುತ್ತದೆ. ಚರಕದಲ್ಲಿ ಗೂಡನ್ನು ಬೇಯಿಸುವುದೂ ನೂಲನ್ನು ತೆಗೆಯುವುದೂ ಒಂದೇ ಬಾಣಲೆಯಲ್ಲಿ. ಕಾಟೇಜ್ ಬೇಸಿನ್‌ನಲ್ಲಿ ಬೇಯಿಸುವುದು ಬೇರೆ, ಬಿಚ್ಚುವುದು ಬೇರೆ, ನೂಲು ನಯ. ಅನಂತರ ಬಹು ಎಳೆಯ ಯಂತ್ರಗಳೂ ಸ್ವಯಂಚಾಲಿತ ಯಂತ್ರಗಳೂ ಬಂದವು. ಹೊಸ ಯಂತ್ರ ಬಂದೊಡನೆ ಹಳೆಯದರ ಬೆಲೆಯು ಸವೆಯದೆಯೇ ಇಳಿಯುತ್ತದೆ. ಸ್ಮೃತಿಯ ಕಾಲವೆಂಬ ಅಂಗವು ಇದು. ನೂಲು ಬಿಚ್ಚುವವರಿಲ್ಲದ ಊರಿಗೆ ಸಾಗಿಸಿದರೆ ಚರಕವು ಮರದ ತುಂಡೂ ಕಬ್ಬಿಣದ ಚೂರೂ ಆಗುತ್ತದೆ. ಇದು ದೇಶವೆಂಬ ಅಂಗ. ಇಂದಿನ ಮೌಲ್ಯನಿರ್ಣಾಯಕರು ಹೊಸದನ್ನು ಮಾಡಿಸುವ ವೆಚ್ಚದಲ್ಲಿ ಸವಕಳಿ ಕಳೆಯುವುದು, ಪೇಟೆಯಲ್ಲಿ ಅಂಥದೇ ಮಾರಿದ ಬೆಲೆ ನೋಡುವುದು, ಅದರಿಂದ ಬರುವ ಆದಾಯ ಎಣಿಸುವುದು ಎಂಬ ಮೂರು ಮಾರ್ಗಗಳನ್ನು ಹೇಳುತ್ತಾರೆ. 2013ರ ಕಂಪನಿ ಕಾಯಿದೆಯ ಅಡಿಯಲ್ಲಿ 2017ರಲ್ಲಿ ಬಂದ ನಿಯಮಗಳಲ್ಲಿ ಯಂತ್ರೋಪಕರಣಗಳಿಗೆಂದೇ ನೋಂದಾಯಿತ ಮೌಲ್ಯನಿರ್ಣಾಯಕರ ಒಂದು ವರ್ಗವುಂಟು. ಮಾರ್ಗ ಯಾವುದೇ ಆಗಲಿ, ನಡೆಯುತ್ತಿರುವ ಚರಕವೆಂದು ಎಣಿಸಬೇಕೋ ಕಿತ್ತು ಸಾಗಿಸಿದ ಚರಕವೆಂದು ಎಣಿಸಬೇಕೋ ಎಂಬುದನ್ನು ಮೊದಲು ತೀರ್ಮಾನಿಸದಿದ್ದರೆ ಅಂಕಿಗಳೆಲ್ಲ ವ್ಯರ್ಥ.

ಇದು ಬರಿಯ ತರ್ಕವಲ್ಲ. ಸರ್ವಸ್ವವನ್ನೂ ಅಪಹರಿಸುವ ದಂಡದಲ್ಲಿಯೂ ಯೋಧನ ಆಯುಧವನ್ನು, ವಾದ್ಯಗಾರನ ವಾದ್ಯವನ್ನು, ಕಾರುಕನು ಯಾವುದರಿಂದ ಜೀವಿಸುವನೋ ಆ ಉಪಕರಣವನ್ನು ರಾಜನು ಕಿತ್ತುಕೊಳ್ಳಲಾಗದು ಎಂದು ನಾರದನು ವಿಧಿಸಿದ್ದಾನೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವೂ ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿಯಿಂದ ಬಿಟ್ಟಿದೆ. ಆದರೆ ಸಾಲಗಾರನು ತಾನೇ ಒತ್ತೆಯಾಗಿ ಬರೆದುಕೊಟ್ಟ ಉಪಕರಣಕ್ಕೆ 2002ರ ಸರ್ಫೇಸಿ ಕಾಯಿದೆಯು ಈ ರಕ್ಷಣೆಯನ್ನು ಕೊಡುವುದಿಲ್ಲ. ಆ ಸಾಲಕ್ಕೆಂದೇ ಹೊಣೆಮಾಡಿದ ಸ್ವತ್ತನ್ನು ಅದರ 31ನೆಯ ಪ್ರಕರಣವು ವಿನಾಯಿತಿಯಿಂದ ಹೊರಗಿಟ್ಟಿದೆ. ಯಂತ್ರವನ್ನೇ ಆಧಾರವಾಗಿ ಕೊಟ್ಟು ಸಾಲ ತಂದ ನೂಲುಗಾರನಿಗೆ ಆಗ ಉಳಿಯುವುದು ಬೆಲೆಕಟ್ಟುವವನ ಮಾತೊಂದೇ. ಅವನು ಬಾಣಲೆಯ ತಾಮ್ರವನ್ನು ತೂಗಿದರೆ ಬರುವ ಮೊತ್ತವೂ, ಶಿಡ್ಲಘಟ್ಟದಲ್ಲಿ ಆ ಬಾಣಲೆ ಒಂದು ದಿನಕ್ಕೆ ಎಷ್ಟು ನೂಲು ಕೊಡುವುದೆಂದು ನೋಡಿದರೆ ಬರುವ ಮೊತ್ತವೂ ಬೇರೆ ಬೇರೆ. ಹರಾಜಿನ ಮೇಲೆಯೂ ಸಾಲ ಉಳಿಯಿತೇ ತೀರಿತೇ ಎಂಬುದು ಆ ಅಂತರದಲ್ಲಿ ನಿಂತಿರುತ್ತದೆ.