ಕನ್ನಂಬಾಡಿ ಕಟ್ಟೆಯ ಲೆಕ್ಕಾಚಾರ

ಗೋದಾಮು ಕಟ್ಟಿಸಲು ಹೊರಟ ಯಾವ ಸಂಘದವರನ್ನಾದರೂ ಕೇಳಿ ನೋಡಿ. ದುಡ್ಡಿದ್ದಾಗ ಮರಳಿರುವುದಿಲ್ಲ, ಮರಳು ಬಂದಾಗ ಗಾರೆಯವರು ಬೇರೆ ಕಡೆ ಹೋಗಿರುತ್ತಾರೆ, ಎಲ್ಲಾ ಕೂಡಿಬಂತು ಅನ್ನುವಷ್ಟರಲ್ಲಿ ಮಳೆ ಹಿಡಿದುಕೊಳ್ಳುತ್ತದೆ. ಇದೇ ಪೇಚು ಬಹಳ ದೊಡ್ಡದಾಗಿ ಎದುರಾದದ್ದು ಕನ್ನಂಬಾಡಿಯಲ್ಲಿ.

ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಅದಕ್ಕೆ ಸಂಚಕಾರ. ಇತ್ತ ಮಂಡ್ಯ ಸೀಮೆಯ ರೈತ ಮುಗಿಲು ನೋಡುತ್ತಾ ಕೂತಿದ್ದ. ಇಬ್ಬರಿಗೂ ಒಂದೇ ಕಟ್ಟೆಯ ನೀರು ಎಂಬುದು ಅವರ ಯೋಜನೆ. ಇಷ್ಟು ದುಡ್ಡು ಸುರಿಯುವುದೇ ಎಂದು ಸರ್ಕಾರದೊಳಗೇ ಅಳುಕಿತ್ತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು 1911ರಲ್ಲಿ ಮಂಜೂರಾತಿ ಕೊಟ್ಟರು. ಆದರೆ ಮದರಾಸು ಸರ್ಕಾರದ ತಕರಾರಿನಿಂದಾಗಿ ಸದ್ಯಕ್ಕೆ 80 ಅಡಿ ಎತ್ತರಕ್ಕಷ್ಟೇ ಒಪ್ಪಿಗೆ ಸಿಕ್ಕಿತು.

ಇಲ್ಲೇ ನೋಡಿ ಅವರ ಜಾಣ್ಮೆ. ಕಟ್ಟೆ ಈಗ ಗಿಡ್ಡದಾಗಿದ್ದರೂ ಅಡಿಪಾಯವನ್ನು ಮಾತ್ರ ಪೂರ್ತಿ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಗೋಡೆಯನ್ನು ಮುಂದೆ ಏರಿಸಬಹುದು, ನೀರು ನಿಂತ ಮೇಲೆ ಬುಡ ಅಗಲಿಸುವುದು ಎಲ್ಲಿಯ ಮಾತು? ಕೆಲವರು ಇದನ್ನು ಹಟ ಎಂದರು. ನನಗಂತೂ ದೂರದ ಲೆಕ್ಕ ಎನಿಸುತ್ತದೆ.

ಕೆಲಸ ಶುರುವಾದದ್ದು 1911ರ ನವೆಂಬರಿನಲ್ಲಿ, ಅಂದರೆ ಮಳೆಗಾಲ ಕಳೆದ ಮೇಲೆ. ಹೊಳೆಯ ಪಾತ್ರದಲ್ಲಿ ಕೈಯಾಡಿಸಲು ಸಿಗುವುದು ಬೇಸಿಗೆ ಮುಗಿಯುವವರೆಗಿನ ತಿಂಗಳುಗಳಷ್ಟೇ. ದುಡ್ಡನ್ನು ಸಾಲ ತರಬಹುದು, ಈ ತಿಂಗಳುಗಳನ್ನು ಯಾರೂ ಸಾಲ ಕೊಡುವುದಿಲ್ಲ. ಆದ್ದರಿಂದ ಕಲ್ಲು, ಸುಣ್ಣ, ಆಳು ಎಲ್ಲವೂ ಆ ಗಡುವಿಗೆ ಸರಿಯಾಗಿ ಒದಗಬೇಕಿತ್ತು. ಸುಮಾರು 10,000 ಜನ ದುಡಿದರು. ಸಿಮೆಂಟನ್ನು ಪರದೇಶದಿಂದ ತರಿಸಬೇಕಾಗಿದ್ದ ಕಾಲ ಅದು. ಇಲ್ಲೇ ಸಿಗುವ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟಿದರು. ಅದು ಇವತ್ತಿಗೂ ನಿಂತಿದೆ.

ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟರು. ಮದರಾಸಿನೊಡನೆ ಒಪ್ಪಂದವಾದದ್ದು 1924ರಲ್ಲಿ. ಕಟ್ಟೆ ಪೂರ್ಣಗೊಳ್ಳುವಷ್ಟರಲ್ಲಿ 1930ರ ದಶಕ ಬಂದಿತ್ತು. ನಾಲೆ ಹರಿಯಿತು, ಕಬ್ಬು ಬೆಳೆಯಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯೂ ಆಯಿತು.

ಆದರೆ ಈ ಲೆಕ್ಕದ ಖರ್ಚಿನ ಕಡೆ ಇನ್ನೊಂದು ಬಾಬತ್ತಿದೆ. ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಲವು ಹಳ್ಳಿಗಳೂ ನೀರಿನಡಿ ಹೋದವು. ಅಲ್ಲಿಯವರು ಮನೆ, ಹೊಲ, ಹಿರಿಯರ ಸಮಾಧಿ ಎಲ್ಲವನ್ನೂ ಬಿಟ್ಟು ಎದ್ದರು. ಬರದ ವರ್ಷಗಳಲ್ಲಿ ನೀರಿಳಿದಾಗ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ತಲೆಯೆತ್ತುತ್ತಿತ್ತು. ಈಚೆಗೆ ಅದರ ಕಲ್ಲುಗಳನ್ನು ಬಿಚ್ಚಿ ತಂದು ದಡದ ಮೇಲೆ ಮತ್ತೆ ಜೋಡಿಸಿದ್ದಾರೆ.